ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ: ಓವನ್ ಫ್ಯಾನಿನ ಪ್ರಶ್ನೋತ್ತರ

ಗಣಪತಿ ಹಬ್ಬ ಮುಗಿಯಿತು. ಮಳೆಗಾಲವಿಡೀ ಬಟ್ಟೆ ಹೊದ್ದು ಕೂತಿದ್ದ ಓವನ್ನುಗಳು ದೀಪಾವಳಿಯ ನಾನ್‌ಖಟಾಯಿಗೆ, ಕ್ರಿಸ್‌ಮಸ್ಸಿನ ಕೇಕಿಗೆ ಮತ್ತೆ ಕಟ್ಟೆಯ ಮೇಲೆ ಬಂದಿವೆ. ಮುಂಬೈ, ಪುಣೆ, ಗೋವೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಓವನ್ನಿನ ಫ್ಯಾನ್ ಬಗ್ಗೆಯೇ ಇದ್ದುದರಿಂದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಓವನ್ನಿನಲ್ಲಿ ಫ್ಯಾನ್ ಅಂದರೆ ಯಾವಾಗಲೂ ಒಂದೇ ಅಲ್ಲ. ಒಳಗಿನ ಬಿಸಿಗಾಳಿಯನ್ನು ಸುತ್ತಿಸುವುದು ಕನ್ವೆಕ್ಷನ್ ಫ್ಯಾನ್. ಗೋಡೆಯ ಕಪಾಟಿನಲ್ಲಿ ಕೂರಿಸುವ ಬಿಲ್ಟ್‌ಇನ್ ಓವನ್ನುಗಳಲ್ಲಿ ಇನ್ನೊಂದು ಇದೆ, ಕೂಲಿಂಗ್ ಫ್ಯಾನ್. ಅದು ಒಲೆಯ ಗೂಡಿನ ಮೇಲ್ಗಡೆ ಕೂತು, ಗುಬ್ಬಿಗಳು (ಎದುರಿನ ತಿರುಗಿಸುವ ನಾಬುಗಳು) ಮತ್ತು ಸರ್ಕ್ಯೂಟ್ ಬೋರ್ಡು ಕಾಯದಂತೆ ಗಾಳಿ ಹಾಯಿಸುತ್ತದೆ. ಕೇಕಿಗೂ ಅದಕ್ಕೂ ಸಂಬಂಧವಿಲ್ಲ. ಪತ್ರ ಬರೆದವರಲ್ಲಿ ಹಲವರು ಇವೆರಡನ್ನು ಕಲಸಿಕೊಂಡಿದ್ದಾರೆ. ಮೆಕ್ಯಾನಿಕ್ಕುಗಳೂ ಕಲಸಿಕೊಳ್ಳುವುದುಂಟು.

ಪ್ರಶ್ನೆ: ನಮ್ಮದು 45 ಲೀಟರಿನ ಓಟಿಜಿ (ಓವನ್-ಟೋಸ್ಟರ್-ಗ್ರಿಲ್), ಕೊಂಡು ಏಳು ವರ್ಷವಾಯಿತು. ಮನೆಯಲ್ಲೇ ಕೇಕ್ ಮಾಡಿ ಆರ್ಡರಿಗೆ ಕೊಡುತ್ತೇನೆ. ಜೂನ್‌ನಿಂದೀಚೆಗೆ ಹೆಚ್ಚು ಬಳಸಿರಲಿಲ್ಲ. ಈಗ ಕನ್ವೆಕ್ಷನ್‌ಗೆ ತಿರುಗಿಸಿದರೆ ಬಲಗಡೆಯಿಂದ ಗುಂಯ್ ಅನ್ನುವ ಸದ್ದು ಬರುತ್ತದೆ, ಫ್ಯಾನ್ ಮಾತ್ರ ಅಲುಗುವುದಿಲ್ಲ. ಕೇಕಿನ ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳಿ. ಬಂದ ಮೆಕ್ಯಾನಿಕ್ ಬಾಗಿಲು ತೆರೆದು ಇಣುಕಿ ನೋಡಿ, ‘ಮೋಟಾರು ಸುಟ್ಟಿದೆ, ಹೊಸದು ಹಾಕಬೇಕು’ ಅಂದರು. ಹಾಕಿಸಲೇ?
ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಸದ್ಯಕ್ಕೆ ಬೇಡ. ಇಣುಕಿ ನೋಡಿ ಮೋಟಾರು ಸುಟ್ಟಿದೆ ಅಂತ ಹೇಳಲು ಬರುವುದಿಲ್ಲ. ಕಾಯಿಲು, ಅಂದರೆ ಒಳಗಿನ ತಂತಿಯ ಸುರುಳಿ, ಕಡಿದುಹೋದ ಮೋಟಾರಿನಿಂದ ಸದ್ದೇ ಹೊರಡುವುದಿಲ್ಲ. ನಿಮ್ಮದು ಗುಂಯ್ ಅನ್ನುತ್ತಿದೆ ಎಂದರೆ ಕರೆಂಟು ಕಾಯಿಲಿನವರೆಗೆ ಬರುತ್ತಿದೆ, ಕಾಯಿಲು ನಡುವಿನ ತಿರುಗುವ ಭಾಗವಾದ ರೋಟರನ್ನು ಎಳೆಯುತ್ತಿದೆ, ಆದರೆ ಶಾಫ್ಟು ಎಲ್ಲೋ ಹಿಡಿದುಕೊಂಡಿದೆ. ಹತ್ತರಲ್ಲಿ ಎಂಟು ಸಲ ಅಂತ ಲೆಕ್ಕ ಹೇಳಲಾರೆವು, ಆದರೆ ಮೊದಲು ಅನುಮಾನಪಡಬೇಕಾದದ್ದು ಬುಶ್ಶನ್ನೇ, ಅಂದರೆ ಶಾಫ್ಟಿನ ತುದಿ ಕೂತು ತಿರುಗುವ ಲೋಹದ ಬಳೆಯನ್ನೇ.

ಆದರೆ ಆ ಸ್ಥಿತಿಯಲ್ಲಿ ಇನ್ನೊಮ್ಮೆ ‘ನೋಡೋಣ’ ಅಂತ ಫ್ಯಾನ್ ಹಾಕಬೇಡಿ. ತಿರುಗದೆ ನಿಂತ ಮೋಟಾರಿನಲ್ಲಿ ಕಾಯಿಲು ಕಾಯುತ್ತಲೇ ಹೋಗುತ್ತದೆ. ಇವತ್ತು ಬರೇ ಜಾಮ್ ಆಗಿರುವುದು ನಾಳೆ ನಿಜವಾಗಿ ಸುಡುತ್ತದೆ. ಆರ್ಡರು ಕೈಯಲ್ಲಿದ್ದರೆ ಗುಬ್ಬಿಯನ್ನು ಮೇಲಿನ-ಕೆಳಗಿನ ಎಲಿಮೆಂಟಿಗೆ ಮಾತ್ರ ತಿರುಗಿಸಿ, ಉಷ್ಣತೆಯನ್ನು 15-20 ಡಿಗ್ರಿ ಏರಿಸಿ, ಅರ್ಧದಷ್ಟು ಹೊತ್ತು ಕಳೆದು ಕೇಕು ಗಟ್ಟಿಯಾದ ಮೇಲೆ ಟಿನ್ನನ್ನು ಒಮ್ಮೆ ತಿರುಗಿಸಿ ಇಡಿ. ಕೆಲಸ ನಡೆಯುತ್ತದೆ.

ಈ ಮೋಟಾರು ಎಂಥದ್ದು ಅಂತ ತಿಳಿದರೆ ಕಾಯಿಲೆಯೂ ತಿಳಿಯುತ್ತದೆ. ಇದು ಷೇಡೆಡ್ ಪೋಲ್ ಮೋಟಾರು. ತೆಳು ಕಬ್ಬಿಣದ ತಗಡುಗಳನ್ನು ಪೇರಿಸಿ ಮಾಡಿದ ಚೌಕಟ್ಟು, ಅದರ ಒಂದು ತೋಳಿಗೆ ಸುತ್ತಿದ ಒಂದೇ ಕಾಯಿಲು, ನಡುವೆ ಹೆಬ್ಬೆರಳಿಗಿಂತ ತುಸು ದಪ್ಪದ ರೋಟರ್, ಅದರ ಎರಡು ತುದಿಯನ್ನು ಹಿಡಿಯುವ ಎರಡು ಬುಶ್. ಅಷ್ಟೇ. ಸಾಮಾನ್ಯವಾಗಿ 20ರಿಂದ 40 ವ್ಯಾಟ್. ಅಗ್ಗ, ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ. ಒಂದೇ ಕೊರತೆ ಅಂದರೆ ನಿಂತಲ್ಲಿಂದ ಹೊರಡುವ ಬಲ ತೀರಾ ಕಡಿಮೆ. ಮಿಕ್ಸಿಯ ಮೋಟಾರಾದರೆ ಅಂಟನ್ನೂ ಕಿತ್ತುಕೊಂಡು ತಿರುಗೀತು, ಇದು ಬುಶ್ಶಿನಲ್ಲಿ ಸ್ವಲ್ಪ ಜಿಗುಟಿದ್ದರೂ ಅಲ್ಲೇ ನಿಂತು ಗೊಣಗುತ್ತದೆ.

ಜಿಗುಟು ಎಲ್ಲಿಂದ ಬಂತು? ಬುಶ್ಶುಗಳು ಎಣ್ಣೆ ಕುಡಿಸಿದ ಕಂಚಿನ ಪುಡಿಯಿಂದ ಒತ್ತಿ ಮಾಡಿದವು. ಗೂಡಿನ ಬಿಸಿ ಶಾಫ್ಟಿನ ಮೂಲಕ ಹರಿದು ಬಂದು ಆ ಎಣ್ಣೆಯನ್ನು ವರ್ಷ ವರ್ಷ ಒಣಗಿಸುತ್ತದೆ. ಬೆಣ್ಣೆ, ತುಪ್ಪ, ಎಣ್ಣೆಯ ಹಬೆ ಶಾಫ್ಟಿನ ತೂತಿನಿಂದ ನುಸುಳಿ ಕಂದು ವಾರ್ನಿಶ್ಶಿನಂತೆ ಹೆಪ್ಪುಗಟ್ಟುತ್ತದೆ. ಮೇಲಿಂದ ಮುಂಬೈಯ ನಾಲ್ಕು ತಿಂಗಳ ತೇವ. ಬಳಸುತ್ತಲೇ ಇದ್ದ ಓವನ್ನಿನಲ್ಲಿ ಬಿಸಿಯೇ ತೇವವನ್ನು ಓಡಿಸುತ್ತದೆ. ಸುಮ್ಮನಿಟ್ಟ ಓವನ್ನಿನಲ್ಲಿ ಶಾಫ್ಟಿಗೆ ತುಕ್ಕಿನ ಪೊರೆ ಕಟ್ಟುತ್ತದೆ. ನಿಮ್ಮದು ಜೂನಿನಲ್ಲಿ ನಿಂತು ಸೆಪ್ಟೆಂಬರಿನಲ್ಲಿ ಕೈಕೊಟ್ಟದ್ದಕ್ಕೆ ಇಷ್ಟೇ ಕಾರಣವಿರಬಹುದು.

ಪರೀಕ್ಷೆ ಹೀಗೆ ಮಾಡಿ. ಪ್ಲಗ್ ಕಿತ್ತು ಒಂದು ತಾಸು ಬಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗಿರಬೇಕು. ಗೂಡಿನೊಳಗೆ ಬಲಗೋಡೆಯ ಜಾಲರಿಯ ಸಂದಿಯಿಂದ ಕಬಾಬ್ ಚುಚ್ಚುವ ಬಿದಿರಿನ ಕಡ್ಡಿಯೊಂದನ್ನು ತೂರಿಸಿ, ಫ್ಯಾನಿನ ರೆಕ್ಕೆಯನ್ನು ಮೆಲ್ಲಗೆ ತಳ್ಳಿ. ಆರೋಗ್ಯವಾಗಿರುವ ಫ್ಯಾನ್ ಒಂದು ತಳ್ಳಿಗೆ ನಾಲ್ಕೈದು ಸುತ್ತು ತಾನಾಗಿ ಹೋಗಿ ನಿಧಾನಕ್ಕೆ ನಿಲ್ಲುತ್ತದೆ. ಕಡ್ಡಿ ನಿಂತ ಕೂಡಲೇ ರೆಕ್ಕೆಯೂ ನಿಂತರೆ, ಜೇನಿನಲ್ಲಿ ಚಮಚ ಆಡಿಸಿದಂತೆ ಅನಿಸಿದರೆ, ಬುಶ್ ಒಣಗಿದೆ. ಒಂದು ಸುತ್ತಿನಲ್ಲಿ ಒಂದೇ ಕಡೆ ಕಿರ್ರ್ ಅಂದು ತಡೆದರೆ ಬುಶ್ ಅಲ್ಲ, ರೆಕ್ಕೆಯೋ ಜಾಲರಿಯೋ ಬಾಗಿ ಒಂದಕ್ಕೊಂದು ತಗಲುತ್ತಿದೆ. ಟ್ರೇ ಜೋರಾಗಿ ತಳ್ಳಿದಾಗ ಜಾಲರಿ ಒಳಕ್ಕೆ ನುಗ್ಗುವುದು ಸಾಮಾನ್ಯ. ಬೆರಳಿನಲ್ಲೇ ಹೊರಕ್ಕೆ ಎಳೆದು ಸರಿಮಾಡಬಹುದು. ರೆಕ್ಕೆ ಸಲೀಸಾಗಿ ತಿರುಗಿಯೂ ಮೋಟಾರು ಹೊರಡದಿದ್ದರೆ ಆಗ ಮಾತ್ರ ಕಾಯಿಲಿನ ಮೇಲೆ ಅನುಮಾನ. ಈ ಕಡ್ಡಿಯ ಪರೀಕ್ಷೆ ಎಲೆಕ್ಟ್ರಿಷಿಯನ್ನರ ಮಲ್ಟಿಮೀಟರಿಗಿಂತ ಹೆಚ್ಚು ಹೇಳುತ್ತದೆ ಅನ್ನುವುದು ನಮ್ಮ ಅಭಿಪ್ರಾಯ.

ಜಾಮ್ ಅಂತ ಖಾತ್ರಿಯಾದರೆ ಓವನ್ ಬಿಚ್ಚಬೇಕು. ವೈರಿನ ಕೆಲಸ ಕೈಗೆ ಹತ್ತದವರು ಇಲ್ಲಿಗೆ ನಿಲ್ಲಿಸಿ, ಮುಂದಿನದ್ದನ್ನು ಮೆಕ್ಯಾನಿಕ್ಕಿಗೆ ಓದಿ ಹೇಳಿ. ಹಿಂದಿನ ಮತ್ತು ಬದಿಯ ತಿರುಪುಗಳನ್ನು ತೆಗೆದರೆ ಹೊರಕವಚ ಮೇಲಕ್ಕೆ ಬರುತ್ತದೆ. ಯಾವ ವೈರನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಎರಡು ಮೂರು ಫೋಟೋ ತೆಗೆದುಕೊಳ್ಳಿ. ಗುಬ್ಬಿಗಳ ಹಿಂದೆ ಮೋಟಾರು ಕಾಣುತ್ತದೆ. ಗೂಡಿನ ಒಳಗಿನ ಜಾಲರಿ ಬಿಚ್ಚಿ ರೆಕ್ಕೆಯ ನಟ್ಟು ತೆಗೆಯುವಾಗ ಎಚ್ಚರ, ಬಹಳಷ್ಟು ಓವನ್ನುಗಳಲ್ಲಿ ಇದು ಉಲ್ಟಾ ಥ್ರೆಡ್ಡಿನದು. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಎಂದಿನ ಅಭ್ಯಾಸದಂತೆ ಎಡಕ್ಕೆ ಎಳೆದು ಎಳೆದು ಶಾಫ್ಟು ಮುರಿದವರು ಇದ್ದಾರೆ, ಆಗ ನಿಜಕ್ಕೂ ಹೊಸ ಮೋಟಾರೇ ಗತಿ. ದಪ್ಪ ಬಟ್ಟೆಯಲ್ಲಿ ರೆಕ್ಕೆ ಹಿಡಿದುಕೊಳ್ಳಿ, ಅದರ ಅಂಚು ಬ್ಲೇಡಿನಷ್ಟು ಹರಿತ.

ಮೋಟಾರು ಕೈಗೆ ಬಂದ ಮೇಲೆ ಕಾಯಿಲಿನ ಎರಡು ಕಾಲುಗಳಿಗೆ ಮೀಟರಿನ ಕಡ್ಡಿ ಹಚ್ಚಿ, 2000 ಓಮ್ ರೇಂಜಿನಲ್ಲಿ ನೋಡಿ. ಹತ್ತಾರು ಓಮ್‌ನಿಂದ ಕೆಲವು ನೂರು ಓಮ್‌ವರೆಗೆ ಯಾವುದೇ ಅಂಕಿ ಬಂದರೂ ಕಾಯಿಲು ಕಡಿದಿಲ್ಲ. ಎಡತುದಿಯಲ್ಲಿ ಬರೇ 1 ಅಥವಾ ‘ಓ.ಎಲ್.’ ಬಂದರೆ ಕಡಿದಿದೆ. ಒಂದು ಕಡ್ಡಿಯನ್ನು ಕಾಯಿಲಿಗೆ, ಇನ್ನೊಂದನ್ನು ಕಬ್ಬಿಣದ ಚೌಕಟ್ಟಿಗೆ ಹಚ್ಚಿದಾಗ ಮೀಟರು ಏನೂ ತೋರಿಸಬಾರದು. ತೋರಿಸಿದರೆ ಶಾಕ್ ಹೊಡೆಯುವ ಮೋಟಾರು ಅದು, ಹಾಕಬೇಡಿ. ಓಮ್ ಸರಿಯಿದ್ದೂ ಕಾಯಿಲಿನ ಟೇಪು ಕರಕಲಾಗಿ ಸುಟ್ಟ ವಾರ್ನಿಶ್ ವಾಸನೆ ಬರುತ್ತಿದ್ದರೆ ಒಳಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅದನ್ನೂ ಬದಲಿಸಬೇಕು.

ಕಾಯಿಲು ಚೆನ್ನಾಗಿದ್ದರೆ ಬುಶ್ಶಿನ ಬ್ರಾಕೆಟ್ಟುಗಳ ಎರಡು ಉದ್ದ ತಿರುಪು ಬಿಚ್ಚಿ ರೋಟರನ್ನು ಹೊರತೆಗೆಯಿರಿ. ಬಿಚ್ಚುವ ಮೊದಲು ಚೌಕಟ್ಟಿನ ಯಾವ ಮುಖ ರೆಕ್ಕೆಯ ಕಡೆಗಿದೆ ಅಂತ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ, ಯಾಕೆಂದು ಕೆಳಗೆ ಚಿಂಚವಡದ ಪತ್ರದಲ್ಲಿ ಗೊತ್ತಾಗುತ್ತದೆ. ವಾಷರುಗಳು ಯಾವ ಬದಿಗೆ ಎಷ್ಟಿವೆ ಎಂದೂ ಎಣಿಸಿಡಿ. ಶಾಫ್ಟಿನ ಕಂದು ಪೊರೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ, ಹಠಮಾರಿ ತುಕ್ಕಿಗೆ ಮಾತ್ರ ಸೊನ್ನೆ ನಂಬರಿನ ಪಾಲಿಶ್ ಕಾಗದ ಮೆಲ್ಲಗೆ ಆಡಿಸಿ. ಬುಶ್ಶಿನ ತೂತನ್ನು ಇಯರ್‌ಬಡ್ಡಿನಿಂದ ಒರೆಸಿ. ಅದಕ್ಕೆ ಪಾಲಿಶ್ ಕಾಗದ ತೂರಿಸಲೇಬೇಡಿ, ತೂತು ದೊಡ್ಡದಾಗಿ ಶಾಫ್ಟು ಗಡಗಡ ಅನ್ನುತ್ತದೆ. ಪೂರ್ತಿ ಒಣಗಿದ ಮೇಲೆ ಪ್ರತಿ ಬುಶ್ಶಿಗೆ ಎರಡೇ ಹನಿ ಹೆಚ್ಚು ಬಿಸಿ ತಡೆಯುವ ಸಿಂಥೆಟಿಕ್ ಎಣ್ಣೆ.

ಎಣ್ಣೆಯ ಬಗ್ಗೆ ಇನ್ನೊಂದು ಮಾತು. ತೆಂಗಿನೆಣ್ಣೆ ಬೇಡ. ಊರಿಂದ ತಂದ ಗಾಣದ ಎಣ್ಣೆ ತಲೆಗೆ ಒಳ್ಳೆಯದು, ಬುಶ್ಶಿಗೆ ಅಲ್ಲ. ಕಾದಾಗ ಅದೇ ಹೆಪ್ಪುಗಟ್ಟಿ ತಿಂಗಳೊಳಗೆ ಮತ್ತೆ ಜಾಮ್. ಹೊಲಿಗೆ ಯಂತ್ರದ ಎಣ್ಣೆ ತೆಳು, ಬೇಗ ಆವಿಯಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ಕ್ಷಣಕ್ಕೆ ಫ್ಯಾನ್ ಭರ್ರನೆ ತಿರುಗುತ್ತದೆ, ಮೆಕ್ಯಾನಿಕ್ ಹಣ ಪಡೆದು ಹೋಗುತ್ತಾರೆ, ನಾಲ್ಕನೇ ಕೇಕಿಗೆ ಮತ್ತೆ ಗುಂಯ್.

ಶಾಫ್ಟನ್ನು ಉದ್ದಕ್ಕೆ ಹಿಂದೆ ಮುಂದೆ ಎಳೆದಾಗ ಕೂದಲೆಳೆಯಷ್ಟು ಆಡಿದರೆ ಅಡ್ಡಿಯಿಲ್ಲ. ಅಕ್ಕಪಕ್ಕಕ್ಕೆ ಅಲ್ಲಾಡಿದರೆ ಬುಶ್ ಸವೆದಿದೆ, ಎಣ್ಣೆ ಹಾಕಿ ಪ್ರಯೋಜನವಿಲ್ಲ. ಆಗ ಹಳೆಯ ಮೋಟಾರನ್ನು ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಓವನ್ನಿನ ಮಾಡೆಲ್ ನಂಬರಿಗಿಂತ ಮುಖ್ಯವಾದದ್ದು ನಾಲ್ಕು: ಬ್ರಾಕೆಟ್ಟಿನ ತೂತುಗಳ ನಡುವಿನ ಅಂತರ, ಶಾಫ್ಟಿನ ಉದ್ದ, ತುದಿಯ ಥ್ರೆಡ್ ಮತ್ತು ಚಪ್ಪಟೆ ಮುಖ, ತಿರುಗುವ ದಿಕ್ಕು. ಮುಂಬೈಯಲ್ಲಿ ಲೋಹಾರ್ ಚಾಳ್, ಪುಣೆಯಲ್ಲಿ ತಪಕೀರ್ ಗಲ್ಲಿ ಕಡೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು.

ಪ್ರಶ್ನೆ: ಹೊಸ ಫ್ಲ್ಯಾಟಿನ್ಯಾಗ ಗ್ವಾಡಿಗೆ ಕೂಡಿಸಿದ ಓವನ್ ಅದ. ಬಂದ್ ಮಾಡಿ ಇಪ್ಪತ್ತು ಮಿನಿಟಾದ್ರೂ ಫ್ಯಾನ್ ತಿರಗತಿರತದ. ಮನಿಯವರು ‘ಕರೆಂಟ್ ಸುಮ್ನ ಹೋಗ್ತದ’ ಅಂತ ಗ್ವಾಡಿ ಸ್ವಿಚ್ಚೇ ತಗದಬಿಡ್ತಾರ. ಯಾರದು ಬರೋಬ್ಬರಿ ಹೇಳ್ರಿ.
ಓದುಗರು, ಕೋಥರೂಡ್, ಪುಣೆ

ಉತ್ತರ: ಫ್ಯಾನಿನದು ಬರೋಬ್ಬರಿ. ಅದು ಕೂಲಿಂಗ್ ಫ್ಯಾನ್. ಗೂಡು ತಣಿಯುವ ತನಕ ಅದನ್ನು ನಡೆಸಲೆಂದೇ ಒಂದು ಪುಟ್ಟ ಥರ್ಮೋಸ್ಟ್ಯಾಟ್ ಇರುತ್ತದೆ. ಹತ್ತರಿಂದ ಮೂವತ್ತು ನಿಮಿಷ, 250 ಡಿಗ್ರಿಯಲ್ಲಿ ಪಿಜ್ಜಾ ಮಾಡಿದ ದಿನ ಇನ್ನೂ ಸ್ವಲ್ಪ ಹೆಚ್ಚು. 30 ವ್ಯಾಟಿನ ಫ್ಯಾನ್ ಇಪ್ಪತ್ತು ನಿಮಿಷ ತಿರುಗಿದರೆ ಯೂನಿಟ್ಟಿನ ನೂರರಲ್ಲಿ ಒಂದು ಪಾಲು ಕರೆಂಟು. ಅದನ್ನು ಉಳಿಸಲು ಹೋಗಿ ಸರ್ಕ್ಯೂಟ್ ಬೋರ್ಡನ್ನು ಬೇಯಿಸಬೇಡಿರಿ ಅಂತ ಮನೆಯವರಿಗೆ ಹೇಳಿ. ಬೆಳಿಗ್ಗೆ ತಣ್ಣಗಿರುವ ಓವನ್ನಿನಲ್ಲೂ ಫ್ಯಾನ್ ನಿಲ್ಲದೆ ತಿರುಗುತ್ತಿದ್ದರೆ ಮಾತ್ರ ಆ ಥರ್ಮೋಸ್ಟ್ಯಾಟಿನ ಕಾಂಟ್ಯಾಕ್ಟ್ ಅಥವಾ ಬೋರ್ಡಿನ ರಿಲೇ ಅಂಟಿಕೊಂಡಿದೆ ಅಂತ ಅರ್ಥ.

ಪ್ರಶ್ನೆ: ಬಿಲ್ಟ್‌ಇನ್ ಓವನ್, ಐದು ವರ್ಷ ಹಳೆಯದು. 180 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ ಚೆನ್ನಾಗಿ ನಡೆದು ತಾನಾಗಿ ಆರುತ್ತದೆ. ಅರ್ಧ ತಾಸು ಬಿಟ್ಟರೆ ಮತ್ತೆ ಹೊತ್ತುತ್ತದೆ. ಒಳಗಿನ ಫ್ಯಾನ್ ತಿರುಗುತ್ತಿದೆ. ಥರ್ಮೋಸ್ಟ್ಯಾಟ್ ಒಮ್ಮೆ ಬದಲಿಸಿಯಾಯಿತು, ಗುಣವಿಲ್ಲ.
ಓದುಗರು, ಮುಲುಂಡ್

ಉತ್ತರ: ಒಳಗಿನ ಫ್ಯಾನನ್ನು ಬಿಟ್ಟು ಮೇಲಿನದನ್ನು ನೋಡಿ. ಕೂಲಿಂಗ್ ಫ್ಯಾನ್ ನಿಂತಾಗ ಓವನ್ನಿನ ಮೇಲ್ಗಡೆ ಬಿಸಿ ತುಂಬಿಕೊಂಡು ಸುರಕ್ಷತೆಯ ಥರ್ಮಲ್ ಕಟ್‌ಔಟ್ ಕರೆಂಟು ತಡೆಯುತ್ತದೆ, ತಣಿದ ಮೇಲೆ ತಾನಾಗಿ ಬಿಡುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಥರ್ಮೋಸ್ಟ್ಯಾಟಿನ ತಪ್ಪಲ್ಲ, ಕಟ್‌ಔಟ್ ತನ್ನ ಕೆಲಸ ಮಾಡಿದೆ.

ಓವನ್ ಹಾಕಿ ಹತ್ತು ಹದಿನೈದು ನಿಮಿಷದ ಮೇಲೆ, ಬಾಗಿಲಿನ ಮೇಲಂಚಿಗೂ ಗುಬ್ಬಿಗಳ ಪಟ್ಟಿಗೂ ನಡುವಿನ ಸೀಳಿನ ಎದುರು ಟಿಶ್ಯೂ ಕಾಗದದ ಎರಡು ಬೆರಳಗಲದ ಪಟ್ಟಿ ಹಿಡಿಯಿರಿ. ಅದು ನಿಮ್ಮ ಕಡೆಗೆ ಹಾರಬೇಕು. ಸುಮ್ಮನೆ ಜೋತುಬಿದ್ದರೆ ಗಾಳಿ ಬರುತ್ತಿಲ್ಲ. ಗುಬ್ಬಿಗಳು ಕೈಯಿಡಲಾಗದಷ್ಟು ಕಾದಿದ್ದರೆ ಅದೂ ಸಾಕ್ಷಿ.

ಈ ಫ್ಯಾನಿಗೆ ರೆಕ್ಕೆಗಳಿಲ್ಲ. ಅಡ್ಡ ಮಲಗಿಸಿದ ಉದ್ದ ಸಿಲಿಂಡರು, ಅದರ ಸುತ್ತ ತೆಳ್ಳಗಿನ ಬಾಗಿದ ಪಟ್ಟಿಗಳು; ಸ್ಪ್ಲಿಟ್ ಎಸಿಯ ಒಳಗೆ ಇರುವಂಥದ್ದೇ. ಪಟ್ಟಿಗಳ ಸಂದಿಯಲ್ಲಿ ಹಿಟ್ಟಿನ ಧೂಳು ಮತ್ತು ಅಡುಗೆಮನೆಯ ಎಣ್ಣೆ ಸೇರಿ ಬೂದು ಕಂಬಳಿಯಂತೆ ಕೂತರೆ ಫ್ಯಾನ್ ತಿರುಗಿದರೂ ಗಾಳಿ ಹೊರಡುವುದಿಲ್ಲ. ಬೆಚ್ಚಗಿನ ಜಾಗವಾದ್ದರಿಂದ ಜಿರಲೆಗಳಿಗೂ ಇಷ್ಟ. ಓವನ್ನಿನ ಕರೆಂಟು ತಡೆಯುವ ಎಂಸಿಬಿ ಸ್ವಿಚ್ ಇಳಿಸಿ, ಇಬ್ಬರು ಹಿಡಿದು ಓವನ್ನನ್ನು ಕಪಾಟಿನಿಂದ ಹೊರಗೆಳೆದು, ಮೇಲ್ಮುಚ್ಚಳ ತೆಗೆದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಪಟ್ಟಿ ಪಟ್ಟಿಯಾಗಿ ಕೆರೆಯಬೇಕು. ಸಿಲಿಂಡರು ಜಾಮ್ ಆಗಿದ್ದರೆ ಡೊಂಬಿವಲಿಯ ಓದುಗರಿಗೆ ಹೇಳಿದ ಬುಶ್ಶಿನ ಉಪಚಾರವೇ.

ಫ್ಯಾನ್ ಸರಿಯಿದ್ದೂ ಓವನ್ ಆರುತ್ತಿದ್ದರೆ ಕಪಾಟನ್ನು ಪರೀಕ್ಷಿಸಿ. ಮಾಡ್ಯುಲರ್ ಕಿಚನ್ ಮಾಡುವವರು ಹಿಂದಿನ ಹಲಗೆಯಲ್ಲಿ ಗಾಳಿಗಂಡಿ ಬಿಡದೆ ಪೂರ್ತಿ ಮುಚ್ಚಿಬಿಡುತ್ತಾರೆ. ಓವನ್ನಿನ ಪಕ್ಕದ ಸಂದಿಯಲ್ಲಿ ಸಾಮಾನು ತುರುಕಿದ್ದರೂ ಅದೇ ಫಲ. ಓವನ್ನಿನ ಜೊತೆ ಬಂದ ಪುಸ್ತಕದಲ್ಲಿ ಕಪಾಟಿನ ಚಿತ್ರ ಇರುತ್ತದೆ, ಬಡಗಿಗೆ ಅದನ್ನೇ ತೋರಿಸಿ. ಒಂದು ಮಾತ್ರ ಮಾಡಬೇಡಿ, ಥರ್ಮಲ್ ಕಟ್‌ಔಟ್ ತೆಗೆದು ವೈರುಗಳನ್ನು ನೇರವಾಗಿ ಕೂಡಿಸುವುದು. ‘ಬೈಪಾಸ್ ಮಾಡಿಕೊಡ್ತೇನೆ’ ಅನ್ನುವ ಮಿಸ್ತ್ರಿಯನ್ನು ಬಾಗಿಲಿನಿಂದಲೇ ಕಳಿಸಿ.

ಪ್ರಶ್ನೆ: ಕಡಲಿನ ಹತ್ತಿರ ಮನೆ. ಮೇಲೆ-ಕೆಳಗೆ ಬಿಸಿ ಹಾಕಿದರೆ ಓವನ್ ಸರಿ ನಡೆಯುತ್ತದೆ. ಫ್ಯಾನಿನ ಗುರುತಿಗೆ ತಿರುಗಿಸಿದ ಕೂಡಲೇ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್) ಬಿದ್ದು ಮನೆಯೆಲ್ಲ ಕತ್ತಲು. ಫ್ಯಾನ್ ಮೋಟಾರು ಶಾರ್ಟ್ ಆಗಿದೆ ಅಂತ ಇಲ್ಲಿನವರ ಅಭಿಪ್ರಾಯ.
ಓದುಗರು, ವಾಸ್ಕೋ, ಗೋವಾ

ಉತ್ತರ: ಮೋಟಾರು ಇರಬಹುದು, ಆದರೆ ಗೋವೆಯಲ್ಲಿ, ಮಳೆಗಾಲ ಕಳೆದ ಮೇಲೆ, ನಮ್ಮ ಮೊದಲ ಅನುಮಾನ ಬೇರೆ. ಬಿಲ್ಟ್‌ಇನ್ ಓವನ್ನಿನಲ್ಲಿ ಫ್ಯಾನಿನ ಸುತ್ತ ಉಂಗುರದಂಥ ಎಲಿಮೆಂಟ್ ಒಂದಿರುತ್ತದೆ. ಫ್ಯಾನಿನ ಗುರುತಿಗೆ ತಿರುಗಿಸಿದಾಗ ಮೋಟಾರಿಗೂ ಈ ಉಂಗುರಕ್ಕೂ ಒಟ್ಟಿಗೇ ಕರೆಂಟು ಹೋಗುತ್ತದೆ. ಎಲಿಮೆಂಟಿನ ಕೊಳವೆಯೊಳಗೆ ತಂತಿಯ ಸುತ್ತ ತುಂಬಿರುವ ಬಿಳಿ ಪುಡಿ ಮೆಗ್ನೀಸಿಯಂ ಆಕ್ಸೈಡ್. ಒಣಗಿದ್ದಾಗ ಅದು ಒಳ್ಳೆಯ ಇನ್ಸುಲೇಟರ್. ಆದರೆ ಉಪ್ಪಿನಂತೆ ತೇವ ಹೀರುತ್ತದೆ. ಟರ್ಮಿನಲಿನ ಸೀಲು ಬಿರುಕುಬಿಟ್ಟಿದ್ದರೆ ಮಳೆಗಾಲವಿಡೀ ನೆನೆದು, ಕರೆಂಟು ಕೊಳವೆಗೆ, ಅಲ್ಲಿಂದ ಅರ್ಥಿಂಗಿಗೆ ಸೋರುತ್ತದೆ. ಮನೆಯ ಆರ್‌ಸಿಸಿಬಿ ಬೀಳಲು 30 ಮಿಲಿಆಂಪಿಯರ್ ಸೋರಿದರೆ ಸಾಕು.

ಎರಡನ್ನೂ ಬೇರ್ಪಡಿಸುವುದು ಸುಲಭ, ಆದರೆ ಎಲೆಕ್ಟ್ರಿಷಿಯನ್ನನ ಕೈಯಲ್ಲಿ ಆಗಬೇಕು. ಎಂಸಿಬಿ ಇಳಿಸಿ, ಉಂಗುರದ ಎರಡೂ ವೈರು ಕಿತ್ತು, ತುದಿಗಳನ್ನು ಬಿಸಿ ತಡೆಯುವ ಸ್ಲೀವಿನಲ್ಲಿ ಮುಚ್ಚಿ, ಮತ್ತೆ ಫ್ಯಾನ್ ಹಾಕಿ ನೋಡಬೇಕು. ಈಗ ಬೀಳದಿದ್ದರೆ ಮೋಟಾರು ನಿರಪರಾಧಿ. ಉಂಗುರದ ಎರಡು ಕಾಲುಗಳ ನಡುವೆ 2000 ವ್ಯಾಟಿನದಾದರೆ 26 ಓಮ್ ಆಸುಪಾಸು ಬರಬೇಕು. ಅಷ್ಟು ಬಂದ ಮಾತ್ರಕ್ಕೆ ಎಲಿಮೆಂಟ್ ಪಾಸಾಗಲಿಲ್ಲ. ಸೋರಿಕೆ ಸಾದಾ ಮಲ್ಟಿಮೀಟರಿನ ಕಣ್ಣಿಗೆ ಬೀಳದೆ ಹೋಗಬಹುದು. ಇನ್ಸುಲೇಶನ್ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರಿನಲ್ಲಿ ಕಾಲಿಗೂ ಕೊಳವೆಗೂ ನಡುವೆ ನೋಡಿ, ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ತೇವ ಹೊಕ್ಕಿದೆ.

ಹೊಸ ಎಲಿಮೆಂಟ್ ತರುವ ಮೊದಲು ಒಣಗಿಸಿ ನೋಡಬಹುದು. ಉಂಗುರದ ವೈರು ಹಾಗೇ ಕಿತ್ತಿರಲಿ. ಮೇಲಿನ-ಕೆಳಗಿನ ಬಿಸಿಯಲ್ಲಿ 150 ಡಿಗ್ರಿಗೆ ಒಂದೂವರೆ ತಾಸು ಖಾಲಿ ಓವನ್ ನಡೆಸಿದರೆ ಉಂಗುರವೂ ಅದರೊಟ್ಟಿಗೆ ಕಾದು ತೇವ ಬಿಡುತ್ತದೆ. ತಣಿದ ಮೇಲೆ ಮತ್ತೆ ಮೆಗ್ಗರ್. ಅಂಕಿ ಏರಿದ್ದರೆ ವೈರು ಕೂಡಿಸಿ, ಇನ್ನು ಮುಂದೆ ಮಳೆಗಾಲದಲ್ಲೂ ವಾರಕ್ಕೊಮ್ಮೆ ಅರ್ಧ ತಾಸು ಫ್ಯಾನಿನ ಗುರುತಿನಲ್ಲಿ ಓವನ್ ನಡೆಸಿ. ಏರದಿದ್ದರೆ ಎಲಿಮೆಂಟ್ ಬದಲಿಸಿ. ಆರ್‌ಸಿಸಿಬಿಯನ್ನು ತಪ್ಪಿಸುವುದು, ಓವನ್ನಿನ ಅರ್ಥ್ ವೈರು ಕತ್ತರಿಸುವುದು, ಇವೆರಡೂ ಪ್ರಾಣದ ಜೊತೆ ಆಟ.

ಬೆಬಿಂಕಾ ಮಾಡುವಾಗ ಫ್ಯಾನ್ ಬೇಕೇ ಅಂತಲೂ ಇದೇ ಪತ್ರದಲ್ಲಿ ಕೇಳಿದ್ದೀರಿ. ಬೇಡ. ಪದರದ ಮೇಲೆ ಪದರ ಹೊಯ್ದು ಮೇಲಿನ ಕೆಂಡದಲ್ಲಿ ಬೇಯಿಸಿ ಬಂದ ತಿಂಡಿ ಅದು. ಮೇಲಿನ ಎಲಿಮೆಂಟ್ ಮಾತ್ರ ಸಾಕು. ಫ್ಯಾನ್ ಹಾಕಿದರೆ ಪದರದ ಮುಖ ಕಂದಾಗುವ ಮೊದಲು ಒಣಗುತ್ತದೆ. ಹಾಗಾಗಿ ರಿಪೇರಿ ಮುಗಿಯುವ ತನಕವೂ ನಿಮ್ಮ ಬೆಬಿಂಕಾಕ್ಕೆ ತೊಂದರೆಯಿಲ್ಲ.

ಪ್ರಶ್ನೆ: ಫ್ಯಾನ್ ಸದ್ದು ಮಾಡುತ್ತಿತ್ತೆಂದು ಮೋಟಾರು ಬಿಚ್ಚಿಸಿ ಸರ್ವಿಸ್ ಮಾಡಿಸಿದೆವು. ಸದ್ದು ಹೋಯಿತು. ಆದರೆ ಮೊದಲಿನಷ್ಟು ಗಾಳಿಯಿಲ್ಲ. ಎರಡು ಸಲ ರೆಕ್ಕೆಯ ನಟ್ಟು ತಾನಾಗಿ ಸಡಿಲವಾಗಿ ಜಾಲರಿಗೆ ಬಡಿಯಿತು.
ಓದುಗರು, ಚಿಂಚವಡ

ಉತ್ತರ: ನಟ್ಟು ತಾನಾಗಿ ಸಡಿಲವಾಗುವುದೇ ಇಲ್ಲಿ ಸುಳಿವು. ನಿಮ್ಮ ಫ್ಯಾನ್ ಈಗ ಉಲ್ಟಾ ತಿರುಗುತ್ತಿದೆ.

ಕಾಯಿಲಿನ ಚೌಕಟ್ಟಿನಲ್ಲಿ, ರೋಟರನ್ನು ಅಪ್ಪಿಕೊಂಡ ಎರಡು ತುಟಿಗಳ ಒಂದೊಂದು ಮೂಲೆಗೆ ದಪ್ಪ ತಾಮ್ರದ ಬಳೆ ತೊಡಿಸಿರುತ್ತಾರೆ. ಬಳೆಯಿರುವ ಕಡೆ ಕಾಂತಬಲ ಸ್ವಲ್ಪ ತಡವಾಗಿ ಏರುತ್ತದೆ. ಹಾಗಾಗಿ ರೋಟರು ಯಾವಾಗಲೂ ಬಳೆಯಿಲ್ಲದ ಕಡೆಯಿಂದ ಬಳೆಯಿರುವ ಕಡೆಗೆ ತಿರುಗುತ್ತದೆ. ವೈರುಗಳನ್ನು ಅದಲುಬದಲು ಮಾಡಿದರೂ ದಿಕ್ಕು ಬದಲಾಗುವುದಿಲ್ಲ. ಚೌಕಟ್ಟನ್ನು ಹಿಂದುಮುಂದಾಗಿ ಕೂರಿಸಿದರೆ ಮಾತ್ರ ಬದಲಾಗುತ್ತದೆ. ಸರ್ವಿಸ್ ಮಾಡಿದವರು ಗುರುತು ಹಾಕದೆ ಬಿಚ್ಚಿ ಹಾಗೆ ಕೂರಿಸಿದ್ದಾರೆ. ರೆಕ್ಕೆಯ ನಟ್ಟಿನ ಥ್ರೆಡ್ಡನ್ನು ಸರಿಯಾದ ದಿಕ್ಕಿಗೆ ತಿರುಗುವಾಗ ತಾನೇ ಬಿಗಿಯಾಗುವಂತೆ ಆರಿಸಿರುತ್ತಾರೆ. ದಿಕ್ಕು ತಪ್ಪಿದರೆ ಪ್ರತಿ ಸಲ ಹೊರಡುವಾಗಲೂ ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅದೇ ಮೆಕ್ಯಾನಿಕ್ಕನ್ನು ಕರೆದು, ಉದ್ದ ತಿರುಪು ಎರಡು ಬಿಚ್ಚಿ, ಚೌಕಟ್ಟನ್ನು ಮಾತ್ರ ತಿರುವಿ ಹಾಕಿಸಿ. ಕಾಲು ತಾಸಿನ ಕೆಲಸ. ನಟ್ಟಿಗೆ ಅಂಟು ಹಾಕಿ ಬಿಗಿಮಾಡಲು ಬಂದರೆ ಬೇಡವೆನ್ನಿ. ಸಡಿಲವಾಗುವುದು ನಿಂತರೂ ಗಾಳಿ ಮರಳಿ ಬರುವುದಿಲ್ಲ.

ಪ್ರಶ್ನೆ: ಓವನ್ ಫ್ಯಾನ್ ನಿಧಾನವಾಗಿದೆ. ಮಿಸ್ತ್ರಿ ‘ಕೆಪಾಸಿಟರ್ ಹೋಗಿದೆ’ ಅನ್ನುತ್ತಾರೆ.
ಓದುಗರು, ಘಾಟ್‌ಕೋಪರ್

ಉತ್ತರ: ಎಲ್ಲಿದೆ ತೋರಿಸಿ ಅಂತ ಕೇಳಿ. ಮಾಳಿಗೆಗೆ ತೂಗುಹಾಕುವ ಸೀಲಿಂಗ್ ಫ್ಯಾನಿಗೆ ಕೆಪಾಸಿಟರ್ ಇದೆ. ಮೇಲೆ ಹೇಳಿದ ಷೇಡೆಡ್ ಪೋಲ್ ಮೋಟಾರಿಗೆ ಇಲ್ಲ. ನಿಧಾನವಾಗಲು ಕಾರಣ ಒಣಗಿದ ಬುಶ್, ಇಲ್ಲವೇ ಕಡಿಮೆ ವೋಲ್ಟೇಜು. 2000 ವ್ಯಾಟಿನ ಓವನ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ್ದರೆ ಎಲಿಮೆಂಟ್ ಹೊತ್ತಿದ ಕ್ಷಣ ವೋಲ್ಟೇಜು ಕುಸಿದು ಫ್ಯಾನಿನ ಸದ್ದು ಇಳಿಯುವುದು ಕಿವಿಗೇ ಕೇಳುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಹಾಕಿ ನೋಡಿ.

ಪ್ರಶ್ನೆ: ಫ್ಯಾನ್ ಚೆನ್ನಾಗಿ ತಿರುಗುತ್ತಿದೆ, ಆದರೂ ನಾನ್‌ಖಟಾಯಿ ಹಿಂದಿನ ಸಾಲಿನಲ್ಲಿ ಕಪ್ಪಾಗುತ್ತದೆ, ಕೇಕ್ ಮೇಲೆ ಸೀಳುತ್ತದೆ. ಇದೂ ಫ್ಯಾನ್ ದೋಷವೇ?
ಓದುಗರು, ಕಾಂದಿವಲಿ

ಉತ್ತರ: ಬ್ರೆಡ್ಡಿನಿಂದ ತಿಳಿಯಬಹುದು. ಓವನ್ನನ್ನು ಫ್ಯಾನ್ ಸಮೇತ 180 ಡಿಗ್ರಿಗೆ ಕಾಯಿಸಿ, ನಡುವಿನ ಜಾಲರಿ ಸ್ಟ್ಯಾಂಡಿನ ಮೇಲೆ ಬಿಳಿ ಬ್ರೆಡ್ಡಿನ ಹೋಳುಗಳನ್ನು ತುಂಬಾ ಹರಡಿ, ಎಂಟು ಹತ್ತು ನಿಮಿಷ ಬಿಟ್ಟು ಅದೇ ಕ್ರಮದಲ್ಲಿ ಕಟ್ಟೆಯ ಮೇಲಿಟ್ಟು ನೋಡಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಬಣ್ಣವಾದರೆ ಓವನ್ ಸರಿ, ದೊಡ್ಡ ಟ್ರೇ ಗಾಳಿಯನ್ನು ಅಡ್ಡಗಟ್ಟುತ್ತಿದೆ. ಟ್ರೇ ಮತ್ತು ಗೋಡೆಯ ನಡುವೆ ಎರಡು ಬೆರಳು ಜಾಗ ಬಿಡಿ. ಫ್ಯಾನಿನ ಎದುರಿನ ಹೋಳುಗಳು ಮಾತ್ರ ಕಪ್ಪಾದರೆ ಗಾಳಿ ಹಂಚಿಕೆಯಾಗುತ್ತಿಲ್ಲ. ಆಗ ಜಾಲರಿಯ ತೂತುಗಳಲ್ಲಿ ಜಿಡ್ಡು ಕಟ್ಟಿದೆಯೇ, ರೆಕ್ಕೆ ಬಾಗಿದೆಯೇ ನೋಡಬೇಕು. ಕೇಕ್ ಸೀಳುವುದು ಹೆಚ್ಚಾಗಿ ನಮ್ಮದೇ ತಪ್ಪು. ಸಾದಾ ಓವನ್ನಿಗೆ ಬರೆದ ಉಷ್ಣತೆಯನ್ನು ಫ್ಯಾನ್ ಹಾಕಿದಾಗ 20 ಡಿಗ್ರಿ ಇಳಿಸಬೇಕು.

ಪ್ರಶ್ನೆ: ಕನ್ವೆಕ್ಷನ್ ಮೈಕ್ರೋವೇವಿನ ಫ್ಯಾನ್ ಕಿರ್ ಅನ್ನುತ್ತಿದೆ. ಹಳೆಯ ಸಂಚಿಕೆಯ ಓಟಿಜಿ ಲೇಖನ ನೋಡಿ ನಾನೇ ಬಿಚ್ಚಿ ಎಣ್ಣೆ ಬಿಡಬಹುದೇ?
ಓದುಗರು, ಮೀರಾ ರೋಡ್

ಉತ್ತರ: ಬೇಡ. ಮೈಕ್ರೋವೇವಿನ ಒಳಗೆ 2000 ವೋಲ್ಟಿಗಿಂತ ಹೆಚ್ಚಿನ ಕರೆಂಟು ಓಡುತ್ತದೆ, ಅದರ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಅದನ್ನು ಬರಿದು ಮಾಡಲು ಬಲ್ಲ ಮೆಕ್ಯಾನಿಕ್ಕೇ ಮುಚ್ಚಳ ತೆಗೆಯಬೇಕು. ಅವರು ಬರುವ ಮೊದಲು ನೀವು ಹೊರಗಿನಿಂದ ಒಂದು ಗಮನಿಸಿಡಿ: ಒಂದು ಲೋಟ ನೀರಿಟ್ಟು ಬರೇ ಮೈಕ್ರೋ ಹಾಕಿದಾಗಲೂ ಸದ್ದು ಬಂದರೆ ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನನ್ನು ತಣಿಸುವ ಫ್ಯಾನ್ ಅಥವಾ ತಟ್ಟೆ ತಿರುಗಿಸುವ ಮೋಟಾರು. ಗಾಜಿನ ತಟ್ಟೆ ಮತ್ತು ಅದರ ಕೆಳಗಿನ ಚಕ್ರದ ಬಳೆಯನ್ನು ತೊಳೆದು ಮತ್ತೆ ಕೂರಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ಸದ್ದು ನಿಲ್ಲುತ್ತದೆ. ಕನ್ವೆಕ್ಷನ್ ಹಾಕಿದಾಗ ಮಾತ್ರ ಬಂದರೆ ಹಿಂದಿನ ಬಿಸಿಗಾಳಿ ಫ್ಯಾನಿನದು.

ಪ್ರಶ್ನೆ: ಬಾಗಿಲು ತೆರೆದ ಕೂಡಲೇ ಫ್ಯಾನ್ ನಿಲ್ಲುತ್ತದೆ, ಮುಚ್ಚಿದರೆ ಹೊರಡುತ್ತದೆ. ಇತ್ತೀಚೆಗೆ ಮುಚ್ಚಿದ ಮೇಲೂ ಒಮ್ಮೊಮ್ಮೆ ಹೊರಡುವುದಿಲ್ಲ, ಬಾಗಿಲನ್ನು ಮೊಣಕಾಲಿನಿಂದ ಒತ್ತಬೇಕು.
ಓದುಗರು, ಮಡಗಾಂವ್

ಉತ್ತರ: ನಿಲ್ಲುವುದು ಸರಿ, ಬಾಗಿಲಿನ ಸ್ವಿಚ್ ಇರುವುದೇ ಅದಕ್ಕೆ. ಒತ್ತಬೇಕಾಗಿ ಬಂದದ್ದು ಸರಿಯಲ್ಲ. ಬಾಗಿಲಿನ ಸುತ್ತಲಿನ ರಬ್ಬರು ಜಾರಿ ಅಡ್ಡ ಬಂದಿದೆಯೇ, ಕೀಲು ಸವೆದು ಬಾಗಿಲು ಕೆಳಗಿಳಿದಿದೆಯೇ ಮೊದಲು ನೋಡಿ. ಎರಡೂ ಸರಿಯಿದ್ದರೆ ಚೌಕಟ್ಟಿನಲ್ಲಿರುವ ಪುಟ್ಟ ಗುಂಡಿಯನ್ನು ಬೆರಳಿನಿಂದ ಒತ್ತಿಬಿಡಿ. ಟಿಕ್ ಅನ್ನುವ ಸದ್ದು ಸ್ಪಷ್ಟವಾಗಿ ಬರದಿದ್ದರೆ, ಗುಂಡಿ ಜಿಡ್ಡಿನಲ್ಲಿ ಅಂಟಿ ನಿಧಾನಕ್ಕೆ ಮೇಲೇಳುತ್ತಿದ್ದರೆ, ಆ ಸ್ವಿಚ್ಚೊಂದನ್ನು ಬದಲಿಸಿದರೆ ಸಾಕು. ಮೋಟಾರನ್ನು ಮುಟ್ಟಬೇಕಿಲ್ಲ.